ಒಂದೇ ದಿನದಲ್ಲಿ ಮುಗಿದ ಆಲ್ಬಂ, ಊರಿನ ಸನ್ಮಾನಕ್ಕೆ 55 ವರ್ಷ!

ಹೆವಿ ಮೆಟಲ್ ಅಂದ್ರೆ ಬರೀ ಗದ್ದಲ ಅನ್ನೋರೇ ಜಾಸ್ತಿ. ಆದರೆ ಆ ಸದ್ದು ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಲ್ಲಿ, ದುಡಿದು ತಿನ್ನೋ ಮನೆಯ ನಾಲ್ವರು ಹುಡುಗರಿಂದ.

'ಬ್ಲ್ಯಾಕ್ ಸಬ್ಬತ್' ತಂಡದ ಗಿಟಾರ್ ವಾದಕ ಟೋನಿ ಅಯೋಮಿ 17ನೇ ವಯಸ್ಸಲ್ಲಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳ್ಕೊಂಡರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿ, ತೆಳು ತಂತಿ ಹಾಕಿಕೊಂಡು ಮತ್ತೆ ನುಡಿಸಿದರು. 1969ರ ಅಕ್ಟೋಬರ್‌ನಲ್ಲಿ ಒಂದೇ ದಿನದಲ್ಲಿ ಮೊದಲ ಆಲ್ಬಂ ರೆಕಾರ್ಡಿಂಗ್ ಮುಗೀತು. 1970ರ ಫೆಬ್ರವರಿ 13ರಂದು ಬಿಡುಗಡೆ. ವಿಮರ್ಶಕರು ಬೈದರು, ಜನ ಕೊಂಡರು. ಬ್ರಿಟನ್ ಮಾರಾಟ ಪಟ್ಟಿಯಲ್ಲಿ 8ನೇ ಸ್ಥಾನ ಸಿಕ್ತು.

ಊರು ಈ ನಾಲ್ವರಿಗೂ ತನ್ನ ದೊಡ್ಡ ಪೌರ ಗೌರವ ಕೊಟ್ಟಿದ್ದು 2025ರ ಜೂನ್ 28ಕ್ಕೆ. ಜುಲೈ 5ರಂದು ಅದೇ ಊರಲ್ಲಿ ಕೊನೆಯ ಕಾರ್ಯಕ್ರಮ. ಅದರ ಲಾಭ ಮಕ್ಕಳ ಆಸ್ಪತ್ರೆ ಮತ್ತಿತರ ಸೇವಾ ಕೆಲಸಕ್ಕೆ. ಜುಲೈ 22ಕ್ಕೆ ಗಾಯಕ ಓಝಿ ಆಸ್ಬರ್ನ್ ತೀರಿಕೊಂಡರು.

ಊರ ಹುಡುಗರ ಬೆನ್ನು ತಟ್ಟೋದಿದ್ರೆ ಬೇಗ ತಟ್ಟಬೇಕು. ಬರ್ಮಿಂಗ್‌ಹ್ಯಾಮ್ ಇನ್ನೊಂದು ತಿಂಗಳು ತಡ ಮಾಡಿದ್ರೆ ಓಝಿಯ ಹಾರ ಫೋಟೋಗೆ ಬೀಳ್ತಿತ್ತು.