ಆಲೆಮನೆಗೂ ಚಾಕಿಮನೆಗೂ ಕ್ಲೌಡ್ ಟೆಲಿಫೋನು

ಬೆಳೆಯನ್ನು ಬೆಳೆಯುವುದು ಒಂದು ವಿದ್ಯೆ. ಬೆಳೆದುದನ್ನು ಸಕಾಲದಲ್ಲಿ ತಕ್ಕ ಬೆಲೆಗೆ ಮಾರುವುದು ಮತ್ತೊಂದು ವಿದ್ಯೆ. ಮಂಡ್ಯ ಸೀಮೆಯ ರೈತರು ಮೊದಲನೆಯದರಲ್ಲಿ ಯಾರಿಗೂ ಕಡಮೆಯಾದವರಲ್ಲ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದಂದಿನಿಂದ ಈ ಸೀಮೆಯು ಕಬ್ಬು ಬತ್ತಗಳಿಗೆ ಹೆಸರಾಗಿದೆ. ಎರಡನೆಯ ವಿದ್ಯೆಯಲ್ಲಿ ಮಾತ್ರ ಅವರು ಹಿಂದುಳಿದಿರುವರೆಂದು ಒಪ್ಪಬೇಕಾಗಿದೆ. ಇದಕ್ಕೆ ಕಾರಣಗಳು ಹಲವು. ಅಲ್ಪವೆಂದು ಕಂಡರೂ ದಿನದಿನವೂ ನಷ್ಟವನ್ನುಂಟುಮಾಡುವ ಕಾರಣವೊಂದುಂಟು; ಅದು ಗಿರಾಕಿಯು ಕರೆದಾಗ ಓಗೊಡುವವರಿಲ್ಲದಿರುವುದು.

ಮಂಡ್ಯದ ಸುತ್ತಲಿನ ಆಲೆಮನೆಯೊಂದನ್ನು ನೋಡಬಹುದು. ಕೊಪ್ಪರಿಗೆಯಲ್ಲಿ ಪಾಕವು ಹದಕ್ಕೆ ಬರುವ ಹೊತ್ತಿಗೆ ಯಜಮಾನನು ಕಣ್ಣು ಕದಲಿಸುವಂತಿಲ್ಲ. ಕ್ಷಣ ತಪ್ಪಿದರೆ ಬೆಲ್ಲದ ಬಣ್ಣವೂ ಕೆಡುವುದು, ಬೆಲೆಯೂ ಬೀಳುವುದು. ಅದೇ ಹೊತ್ತಿಗೆ ಅವನ ಜೇಬಿನ ಮೊಬೈಲು ಮೊಳಗುತ್ತದೆ. ಕರೆದವನು ಎರಡು ಬಾರಿ ಪ್ರಯತ್ನಿಸಿ ಮತ್ತೊಬ್ಬನನ್ನು ಕರೆಯುತ್ತಾನೆ. ಮದ್ದೂರಿನಲ್ಲಿ ಎಳನೀರಿನ ವ್ಯಾಪಾರಿಯ ಸ್ಥಿತಿಯೂ ಹೀಗೆಯೇ; ಕೊಯ್ದ ಕಾಯಿ ಬಹುದಿನ ಕಾಯುವುದಿಲ್ಲ. ಮಳವಳ್ಳಿಯ ಕಡೆ ರೇಷ್ಮೆ ಸಾಕುವವರ ಪಾಡು ಇನ್ನೂ ಸೂಕ್ಷ್ಮವಾದುದು. ಎರಡನೆಯ ಜ್ವರ ಕಳೆದ ಚಾಕಿಹುಳುವು ಗೊತ್ತಾದ ದಿನವೇ ರೈತನ ಮನೆ ಸೇರಬೇಕು. ಚಾಕಿಮನೆಯವನು ಕರೆಗೆ ಸಿಕ್ಕದಿದ್ದರೆ ಹುಳುವಿನ ದಿನವೂ ತಪ್ಪಿತು, ತೋಟದಲ್ಲಿನ ಹಿಪ್ಪುನೇರಳೆ ಸೊಪ್ಪೂ ಬಲಿಯಿತು.

ಹಿಂದೆ ಬೆಂಗಳೂರು ಮೈಸೂರುಗಳ ನಡುವೆ ಸಂಚರಿಸುವವರು ಊರೊಳಗಿನ ಹಾದಿಯಲ್ಲಿ ಬಂದು, ಅಂಗಡಿಗಳ ಮುಂದೆ ನಿಂತು, ಬೆಲ್ಲವನ್ನೂ ಎಳನೀರನ್ನೂ ಕೊಳ್ಳುತ್ತಿದ್ದರು. 2023ನೆಯ ಇಸವಿ ಮಾರ್ಚಿ 12ರಂದು ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ಹೋಗುವವರು ಮದ್ದೂರು, ಮಂಡ್ಯ ಪೇಟೆಗಳನ್ನು ಹೊಗದೆಯೇ ಮುಂದೆ ಸಾಗುತ್ತಾರೆ. ತಾನಾಗಿ ಬಾಗಿಲಿಗೆ ಬರುತ್ತಿದ್ದ ಗಿರಾಕಿಯು ಇನ್ನು ಕರೆಯ ಮೂಲಕವೇ ಬರತಕ್ಕವನು. ಹೀಗಿರುವಲ್ಲಿ ಟೆಲಿಫೋನಿನ ಏರ್ಪಾಡು ಅಲಕ್ಷ್ಯಕ್ಕೆ ತಕ್ಕ ವಿಷಯವಲ್ಲ.

ಈ ಕೊರತೆಯನ್ನು ನೀಗಿಸಲು ಬಂದಿರುವ ಉಪಾಯವೇ ಕ್ಲೌಡ್ ಟೆಲಿಫೋನು. ಕ್ಲೌಡ್ ಎಂದರೆ ಮೋಡ; ಆದರೆ ಇದರಲ್ಲಿ ಆಕಾಶದ ವ್ಯವಹಾರವೇನೂ ಇಲ್ಲ. ದೂರದ ಕಟ್ಟಡಗಳಲ್ಲಿ ಕಂಪೆನಿಗಳು ದೊಡ್ಡ ಗಣಕಯಂತ್ರಗಳನ್ನಿಟ್ಟು, ಕರೆಗಳನ್ನು ಸ್ವೀಕರಿಸಿ ಹಂಚುವ ಕೆಲಸವನ್ನು ಬಾಡಿಗೆಗೆ ಮಾಡಿಕೊಡುತ್ತವೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. ಗಣಿಯವರು ಕಾವೇರಿಯನ್ನು ಕೋಲಾರಕ್ಕೆ ಕೊಂಡೊಯ್ಯಲಿಲ್ಲ; ತಂತಿಯ ಮೂಲಕ ಶಕ್ತಿಯನ್ನು ಮಾತ್ರ ತರಿಸಿಕೊಂಡರು. ಅಂತೆಯೇ ಸಣ್ಣ ವ್ಯಾಪಾರಸ್ಥನು ಯಂತ್ರವನ್ನು ತನ್ನ ಕೊಠಡಿಯಲ್ಲಿ ಇಟ್ಟುಕೊಳ್ಳಬೇಕಾದುದಿಲ್ಲ. ಅದರ ಉಪಯೋಗವನ್ನು ಮಾತ್ರ ಪಡೆದರೆ ಸಾಕು.

ಇದರ ಕ್ರಮವು ಸುಲಭವಾಗಿದೆ. ವ್ಯಾಪಾರಕ್ಕೆ ಒಂದೇ ನಂಬರು. ಕರೆದವನಿಗೆ ಮೊದಲು ಕನ್ನಡದಲ್ಲಿ ಸ್ವಾಗತ. ಬೆಲ್ಲಕ್ಕೆ ಒಂದನ್ನೂ ಲೆಕ್ಕಪತ್ರಕ್ಕೆ ಎರಡನ್ನೂ ಒತ್ತಬೇಕೆಂಬ ಸೂಚನೆ. ಆಮೇಲೆ ಯಜಮಾನ, ಅವನ ಮಗ, ಗುಮಾಸ್ತ, ಇವರ ಮೊಬೈಲುಗಳಿಗೆ ಕರೆಯು ಒಂದಾದ ಮೇಲೊಂದರಂತೆ ಹೋಗುವುದು. ಯಾರೂ ಎತ್ತದಿದ್ದರೆ ಕರೆದವನ ನಂಬರೂ ವೇಳೆಯೂ ದಾಖಲೆಯಲ್ಲಿ ಉಳಿಯುವುವು. ಸಂಜೆ ಮರುಕರೆ ಮಾಡಬಹುದು. ಒಂದೇ ನಂಬರಿಗೆ ಅನೇಕರು ಉತ್ತರ ಕೊಡುವ ಪದ್ಧತಿಯು ರೈತರಿಗೆ ಹೊಸದಲ್ಲ. 2004ನೆಯ ಜನವರಿ 21ರಂದು ಪ್ರಾರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಎಂಬ ನಂಬರು ಇಂತಹುದೇ.

ಈ ಏರ್ಪಾಡಿನ ಮುಖ್ಯ ಪ್ರಯೋಜನವು ಸೌಕರ್ಯಕ್ಕಿಂತ ಮಿಗಿಲಾದುದು. ಇಂದು ಅನೇಕ ರೈತ ಉತ್ಪಾದಕ ಸಂಘಗಳ ವ್ಯವಹಾರವೆಲ್ಲವೂ ಕಾರ್ಯದರ್ಶಿಯ ಅಥವಾ ಗುಮಾಸ್ತನ ಸ್ವಂತ ಮೊಬೈಲಿನಲ್ಲಿ ನಡೆಯುತ್ತಿದೆ. ಅವನು ಕೆಲಸ ಬಿಟ್ಟ ದಿನ ಗಿರಾಕಿಗಳೂ ಅವನ ಜೇಬಿನಲ್ಲಿಯೇ ಹೊರಟುಹೋಗುತ್ತಾರೆ. ವರ್ಷಗಳ ಕಾಲ ನೂರಾರು ರೈತರು ಸೇರಿ ಸಂಪಾದಿಸಿದ ವಿಶ್ವಾಸವು ಒಬ್ಬನ ಸ್ವತ್ತಾಗುವುದು ನ್ಯಾಯವಲ್ಲ. ನಾಲೆಯ ತೂಬು ಹೇಗೆ ಒಬ್ಬನದಲ್ಲವೋ, ಸಂಘದ ನಂಬರೂ ಹಾಗೆಯೇ ಒಬ್ಬನದಾಗಕೂಡದು. ಆದಕಾರಣ ನಂಬರನ್ನು ಪಡೆಯುವಾಗ ದಾಖಲೆಗಳನ್ನು ಸಂಘದ ಹೆಸರಿನಲ್ಲಿಯೇ ಕೊಡತಕ್ಕದ್ದು. ಮುಂದೆ ಕಂಪೆನಿಯನ್ನು ಬದಲಾಯಿಸಿದರೆ ಅದೇ ನಂಬರು ಉಳಿಯುವುದೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ತಿಳಿಯತಕ್ಕದ್ದು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಹಳ್ಳಿಯಲ್ಲಿ ಇಂಟರ್ನೆಟ್ಟು ಸ್ಥಿರವಾಗಿಲ್ಲವೆಂಬುದು ಮೊದಲನೆಯದು. ಇದು ನಿಜ. ಆದರೆ ಸಾಧಾರಣ ಮೊಬೈಲು ಕರೆಯಾಗಿಯೇ ತಲುಪಿಸುವ ಪದ್ಧತಿಯನ್ನು ಆರಿಸಿಕೊಂಡರೆ ಉತ್ತರ ಕೊಡುವವನಿಗೆ ಇಂಟರ್ನೆಟ್ಟು ಬೇಕಾಗುವುದಿಲ್ಲ. ಕಛೇರಿಯಲ್ಲಿ ವಿದ್ಯುತ್ತು ಹೋದರೂ ಕರೆಯು ನಿಲ್ಲುವುದಿಲ್ಲ. ಖರ್ಚಿನ ಮಾತು ಎರಡನೆಯದು. ತಿಂಗಳ ಬಾಡಿಗೆಯಲ್ಲದೆ, ಕರೆಯನ್ನು ಮೊಬೈಲಿಗೆ ಸಾಗಿಸಿದುದಕ್ಕೆ ನಿಮಿಷದ ಲೆಕ್ಕದಲ್ಲಿ ಪ್ರತ್ಯೇಕ ದರವಿರಬಹುದು. ಇದನ್ನು ಮೊದಲೇ ವಿಚಾರಿಸಬೇಕು. ದಿನಕ್ಕೆ ನಾಲ್ಕೈದು ಕರೆ ಮಾತ್ರ ಬರುವ ಒಂಟಿ ಆಲೆಮನೆಗೆ ಇದು ವ್ಯರ್ಥವೆಚ್ಚವೇ ಸರಿ. ಹತ್ತಾರು ಆಲೆಮನೆಗಳು ಕೂಡಿದರೆ ಆ ವೆಚ್ಚವು ಹಂಚಿಹೋಗುವುದು. ಗುಂಡಿ ಒತ್ತುವ ಸೂಚನೆಗಳು ವಯೋವೃದ್ಧರಿಗೆ ಬೇಸರವೆಂಬುದು ಮೂರನೆಯದು. ಅವು ಎರಡು ಮೂರನ್ನು ಮೀರಬಾರದು. ಏನನ್ನೂ ಒತ್ತದವನ ಕರೆಯು ನೇರವಾಗಿ ಮನುಷ್ಯನನ್ನೇ ತಲುಪಬೇಕು.

ಎಚ್ಚರಿಕೆಯೂ ಅವಶ್ಯಕ. ಮಾತನ್ನು ಮುದ್ರಿಸಿಕೊಳ್ಳುವುದಾದರೆ ಕರೆದವನಿಗೆ ಮೊದಲೇ ತಿಳಿಸತಕ್ಕದ್ದು. ಗಿರಾಕಿಗಳ ನಂಬರುಗಳನ್ನು ಅನ್ಯರಿಗೆ ಕೊಡಕೂಡದು. ವೈಯಕ್ತಿಕ ವಿವರಗಳ ರಕ್ಷಣೆಗಾಗಿ 2023ರಲ್ಲಿ ಕಾಯಿದೆಯೇ ಆಗಿದೆ. ಬೇಡವೆಂದವರಿಗೆ ಜಾಹೀರಾತಿನ ಕರೆ ಮಾಡುವುದನ್ನು ದೂರಸಂಪರ್ಕ ಪ್ರಾಧಿಕಾರದ 2018ರ ನಿಯಮಗಳು ತಡೆಯುತ್ತವೆ. ಸರ್ಕಾರದ ಪರವಾನಗಿಯುಳ್ಳ ಕಂಪೆನಿಯೊಡನೆಯೇ ವ್ಯವಹರಿಸಬೇಕು. ಕರೆಯಲ್ಲಿ ಯಾರೇ ಕೇಳಿದರೂ ಬ್ಯಾಂಕಿನ ಗುಪ್ತಸಂಖ್ಯೆಯನ್ನು ಹೇಳಬಾರದೆಂದು ಉತ್ತರ ಕೊಡುವವರೆಲ್ಲರಿಗೂ ತಿಳಿಯಹೇಳಬೇಕು.

ಯಂತ್ರವು ಎಷ್ಟೇ ಚತುರವಾಗಿದ್ದರೂ ಸುಳ್ಳು ತೂಕವನ್ನು ಸರಿಮಾಡದು, ರಾಸಾಯನಿಕದಿಂದ ಬಿಳುಪೇರಿಸಿದ ಬೆಲ್ಲಕ್ಕೆ ಒಳ್ಳೆಯ ಹೆಸರನ್ನು ತಂದುಕೊಡದು. ಒಳ್ಳೆಯ ಸರಕನ್ನು ಸಿದ್ಧಮಾಡಿಯೂ ಕರೆಗೆ ಸಿಕ್ಕದವನು ಮಾತ್ರ ತನ್ನ ಶ್ರಮದ ಫಲವನ್ನು ದಲ್ಲಾಳಿಗೆ ಒಪ್ಪಿಸಿದಂತೆಯೇ ಆಗುವುದು. ಗ್ರಾಮದ ಮುಖಂಡರೂ ಹಿಡುವಳಿದಾರರೂ ಇದನ್ನು ಮನಗಂಡು, ತಮ್ಮ ಊರಿನ ಆಲೆಮನೆಯವರನ್ನೂ ಚಾಕಿಮನೆಯವರನ್ನೂ ಒಂದೆಡೆ ಸೇರಿಸಿ, ಒಂದು ಹಂಗಾಮಿನ ಮಟ್ಟಿಗೆ ಈ ಏರ್ಪಾಡನ್ನು ಪರೀಕ್ಷಿಸಿ ನೋಡುವುದು ಉಚಿತವಾಗಿದೆ. ಹಂಗಾಮು ಮುಗಿದಾಗ ತಪ್ಪಿದ ಕರೆಗಳ ದಾಖಲೆಯನ್ನೂ ಮಾರಿದ ಸರಕಿನ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಮುಂದುವರಿಸಬೇಕೋ ಬಿಡಬೇಕೋ ಎಂಬುದು ಯಾರ ಉಪದೇಶವೂ ಇಲ್ಲದೆ ಅವರಿಗೇ ತಿಳಿದುಬರುವುದು.