ಹಿಂದಿನ ಸಾಲಿನವರು: ದಪ್ಪ ತಂತಿ, ಖಾಲಿ ಜೇಬು

ಆರ್ಕೆಸ್ಟ್ರಾ ನೋಡಲು ಹೋಗುತ್ತೀರಿ. ಗಾಯಕಿ ಉಟ್ಟಿದ್ದ ಸೀರೆ ಯಾವ ಬಣ್ಣದ್ದು ಅಂತ ಮನೆಗೆ ಬಂದ ಮೇಲೂ ನೆನಪಿರುತ್ತದೆ. ಡ್ರಮ್ಸ್ ಬಾರಿಸಿದವನ ಕೂದಲೂ ನೆನಪಿರುತ್ತದೆ. ಆದರೆ ಕೀಬೋರ್ಡಿನ ಪಕ್ಕದಲ್ಲಿ, ಸ್ಪೀಕರ್ ಡಬ್ಬಕ್ಕೆ ಒರಗಿದಂತೆ ನಿಂತು, ಉದ್ದ ಕತ್ತಿನ ಗಿಟಾರಿನಲ್ಲಿ ‘ದುಮ್... ದುಮ್...’ ಅನ್ನಿಸುತ್ತಿದ್ದನಲ್ಲ, ಅವನ ಮುಖ ನೆನಪಿದೆಯೇ? ಇಲ್ಲ ತಾನೆ! ಪರವಾಗಿಲ್ಲ ಬಿಡಿ, ನಿರೂಪಕರಿಗೂ ಅವನ ಹೆಸರು ನೆನಪಿರುವುದಿಲ್ಲ.

ಆತ ಬೇಸ್ ಗಿಟಾರಿಸ್ಟ್. (‘ಬಾಸ್’ ಅಲ್ಲ ಮಾರಾಯರೇ, ‘ಬೇಸ್’. ಬಾಸ್ ಆಗಿದ್ದರೆ ಸಂಭಾವನೆ ಮೊದಲೇ ಸಿಗುತ್ತಿತ್ತು!)

ಈ ವಾರ ಅಂಥ ಒಬ್ಬ ಹುಡುಗನ ಕಥೆ. ಹಗಲು ಮೊಬೈಲ್ ರಿಪೇರಿ, ರಾತ್ರಿ ಆರ್ಕೆಸ್ಟ್ರಾ. ನಮ್ಮಲ್ಲಿ ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಮುಗಿಯುವುದಿಲ್ಲವಲ್ಲ, ತಿಂಗಳು ಪೂರ್ತಿ ನಡೆಯುತ್ತದೆ. ಹುಡುಗನಿಗೆ ಕಳೆದ ಸಲ ಆರು ಕಾರ್ಯಕ್ರಮ ಸಿಕ್ಕವು. ಗಿಟಾರಿನ ತಂತಿಗಳೋ ಸತ್ತು ಎಷ್ಟೋ ತಿಂಗಳಾಗಿತ್ತು. “ಅಣ್ಣಾ, ಯಾವುದು ತಗೊಳ್ಳಲಿ?” ಅಂತ ನನ್ನನ್ನು ಕೇಳಿದ. ಸಿನಿಮಾ ಪತ್ರಿಕೆಗೆ ಬರೆಯುವವನಿಗೆ ಎಲ್ಲ ಗೊತ್ತಿರುತ್ತೆ ಅನ್ನೋ ನಂಬಿಕೆ! ಪಿಯುಸಿ ಅರ್ಧಕ್ಕೆ ಬಿಟ್ಟವನ ಭೌತಶಾಸ್ತ್ರ ನನ್ನದು. “ದಪ್ಪ ತಂತಿ, ದಪ್ಪ ಸದ್ದು. ಇದ್ದುದರಲ್ಲಿ ದಪ್ಪಗಿರೋದು, ಹೊಳೆಯೋದು ತಗೋ” ಅಂದುಬಿಟ್ಟೆ.

ಎರಡು ಸಾವಿರಕ್ಕೂ ಮೇಲೆ ಬಿತ್ತು. ಸಾಲ ಮಾಡಿ ಕೊಂಡ.

ಆಮೇಲೆ ಏನಾಯಿತು ಅಂತ ಹೇಳುವ ಮೊದಲು ಒಂದು ಲೆಕ್ಕ ಕೇಳಿ. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಪೊಟ್ಟಣದ ಮೇಲೆ 45-105 ಅಂತಲೋ 40-100 ಅಂತಲೋ ಬರೆದಿರುತ್ತಾರೆ. ಅದು ಇಂಚಿನ ಸಾವಿರದ ಭಾಗದ ಲೆಕ್ಕ. 105 ಅಂದರೆ ಎರಡೂವರೆ ಮಿಲಿಮೀಟರಿಗಿಂತ ತುಸು ಜಾಸ್ತಿ ದಪ್ಪ. ಶ್ರುತಿಗೆ ಏರಿಸಿದಾಗ ಒಂದೊಂದು ತಂತಿಯೂ ಸುಮಾರು ಇಪ್ಪತ್ತು ಕಿಲೋ ಬಲದಿಂದ ಎಳೆಯುತ್ತದೆ. ನಾಲ್ಕೂ ಸೇರಿದರೆ ಎಂಬತ್ತು ಕಿಲೋ ಆಸುಪಾಸು. ಒಬ್ಬ ದಷ್ಟಪುಷ್ಟ ಖಳನಾಯಕ ಹಗಲೂ ರಾತ್ರಿ ಗಿಟಾರಿನ ಕತ್ತಿಗೆ ಜೋತುಬಿದ್ದ ಹಾಗೆ! ತಂತಿ ದಪ್ಪವಾದಷ್ಟೂ ಖಳನಾಯಕನ ತೂಕ ಏರುತ್ತದೆ.

ನಮ್ಮ ಹುಡುಗನ ಗಿಟಾರಿನಲ್ಲಿ ಆದದ್ದೂ ಅದೇ. ತೆಳ್ಳನೆಯ ತಂತಿಗೆ ಹೊಂದಿಸಿದ್ದ ಕತ್ತು ಮುಂದಕ್ಕೆ ಬಾಗಿತು. ತಂತಿಗಳು ಫ್ರೆಟ್ಟಿನಿಂದ ಮೇಲಕ್ಕೆದ್ದು ನಿಂತವು. ಒತ್ತಿ ಹಿಡಿಯಲು ಜೀವ ಹೋಗುತ್ತದೆ, ಒತ್ತಿದರೆ ಶ್ರುತಿ ಏರಿಹೋಗುತ್ತದೆ. ಮೂರನೇ ಹಾಡಿಗೆ ಬೆರಳಿನಲ್ಲಿ ಗುಳ್ಳೆ. ಮೆಲುದನಿಯ ಹಳೆಯ ಯುಗಳಗೀತೆ ನಡೆಯುವಾಗ ಹುಡುಗನ ಬೆರಳು ಜಾರಿದಲ್ಲೆಲ್ಲ ‘ಕಿರ್ರ್’ ಅಂತ ಸದ್ದು. ಗಾಯಕರು ಹಿಂದಕ್ಕೆ ತಿರುಗಿ ನೋಡಿದ ನೋಟ ಇದೆಯಲ್ಲ... ಮೊದಲ ಸಾಲಿನಲ್ಲಿದ್ದ ನಾನು ತಲೆ ತಗ್ಗಿಸಿದೆ. ಆರ್ಕೆಸ್ಟ್ರಾ ಯಜಮಾನರು ಅವತ್ತಿನ ಕೂಲಿಯಲ್ಲಿ ಅರ್ಧ ಹಿಡಿದುಕೊಂಡರು.

ಮಾರನೆಯ ದಿನ ಇಬ್ಬರೂ ಒಬ್ಬ ಹಿರಿಯ ಕಲಾವಿದರ ಮನೆಗೆ ಹೋದೆವು. ಎಲ್ಲರಿಗೂ ಅವರು ‘ಬೇಸ್ ಅಣ್ಣ’. ಗಿಟಾರನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, “ಯಾರು ಕಣಪ್ಪಾ ಇದನ್ನ ಹಾಕಿಸಿದ್ದು?” ಅಂದರು. ಹುಡುಗ ನನ್ನ ಕಡೆ ನೋಡಿದ. “ಓಹೋ, ಪತ್ರಕರ್ತರೋ!” ಅಂದರು ಅಣ್ಣ. ಕಾಫಿ ಬಂತು, ಇಳಿಯಲಿಲ್ಲ.

ಆಮೇಲೆ ಬಿಡಿಸಿ ಹೇಳಿದರು. ತಂತಿಯ ಒಳಗೆ ಉಕ್ಕಿನ ಎಳೆ, ಅದರ ಮೇಲೆ ಇನ್ನೊಂದು ಲೋಹದ ಸುತ್ತು. ಸುತ್ತಿದ್ದು ದುಂಡು ತಂತಿಯಾದರೆ ಅದು ‘ರೌಂಡ್‌ವೌಂಡ್’. ಉಗುರಿನಲ್ಲಿ ಗೀರಿದರೆ ಗರಗರ ಅನ್ನುತ್ತದೆ, ಸದ್ದು ಹೊಳಪು. ಸುತ್ತಿದ್ದು ಚಪ್ಪಟೆ ಪಟ್ಟಿಯಾದರೆ ‘ಫ್ಲ್ಯಾಟ್‌ವೌಂಡ್’. ಸವರಿದರೆ ರೇಷ್ಮೆ, ಸದ್ದು ಮೆತ್ತಗೆ, ಗುಂಡಗೆ. ಹುಡುಗ ತಂದಿದ್ದು ಸ್ಟೇನ್‌ಲೆಸ್ ಸ್ಟೀಲಿನ ರೌಂಡ್. ಎಲ್ಲಕ್ಕಿಂತ ಹೊಳಪು, ಬೆರಳಿಗೂ ಫ್ರೆಟ್ಟಿಗೂ ಎಲ್ಲಕ್ಕಿಂತ ಒರಟು. ನಿಕಲ್ ಲೇಪದ್ದು ಅದಕ್ಕಿಂತ ಸ್ವಲ್ಪ ಸಾಧು.

“ಹಾಗಾದರೆ ದಪ್ಪ ಹಾಕಿದ್ದೇ ತಪ್ಪಾ?” ಅಂತ ಕೇಳಿದೆ. ಅಣ್ಣ ನಕ್ಕುಬಿಟ್ಟರು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಹಾಕುತ್ತಿದ್ದದ್ದು ಲಾ ಬೆಲ್ಲಾ ಕಂಪನಿಯ ಭಾರಿ ದಪ್ಪದ ಫ್ಲ್ಯಾಟ್ ತಂತಿ. ತುಂಡಾಗದ ಹೊರತು ಬದಲಾಯಿಸುತ್ತಲೇ ಇರಲಿಲ್ಲವಂತೆ! ನುಡಿಸುತ್ತಿದ್ದದ್ದೂ ಬಲಗೈಯ ಒಂದೇ ಬೆರಳಿನಿಂದ. ಆದರೆ ಆ ಕೈ ಬೇರೆ, ಆ ತಂತಿಗೆ ಹೊಂದಿಸಿದ ಗಿಟಾರೂ ಬೇರೆ. ಇನ್ನೊಂದು ಸಂಗತಿ ಕೇಳಿ: ಅಷ್ಟೆಲ್ಲ ಜನಪ್ರಿಯ ಹಾಡುಗಳಿಗೆ ನುಡಿಸಿದವನ ಹೆಸರು ಮಾರ್ವಿನ್ ಗೇ ಅವರ 1971ರ ಆಲ್ಬಂನ ಹೊದಿಕೆಯ ಮೇಲೆ ಬರುವ ತನಕ ಕೇಳುಗರಿಗೆ ಗೊತ್ತೇ ಇರಲಿಲ್ಲ ಅನ್ನಬಹುದು. ಹಿಂದಿನ ಸಾಲಿನವರ ಹಣೆಬರಹ ಎಲ್ಲ ಕಡೆಯೂ ಒಂದೇ! 1983ರಲ್ಲಿ ತೀರಿಕೊಂಡರು.

ಇಂಗ್ಲೆಂಡಿನ ‘ದ ಹೂ’ ತಂಡದ ಜಾನ್ ಎಂಟ್‌ವಿಸಲ್ ಇದಕ್ಕೆ ತದ್ವಿರುದ್ಧ. ಅವರಿಗೆ ಪಿಯಾನೋದಂತೆ ಮಿಂಚುವ ಸದ್ದು ಬೇಕಿತ್ತು. ಒಂದು ಕಾಲದಲ್ಲಿ ತಮಗೆ ಬೇಕಾದ ತೆಳು ತಂತಿ ಲಂಡನ್ನಿನಲ್ಲಿ ಬಿಡಿಯಾಗಿ ಸಿಗದೆ, ತಂತಿ ತುಂಡಾದಾಗ ಇಡೀ ಗಿಟಾರನ್ನೇ ಹೊಸದಾಗಿ ಕೊಂಡೆ ಅಂತ ಅವರೇ ಹೇಳಿಕೊಂಡಿದ್ದಾರೆ. 1966ರ ಹೊತ್ತಿಗೆ ರೊಟೊಸೌಂಡ್ ಕಂಪನಿಯ ಜೊತೆ ಕೂತು ರೌಂಡ್ ತಂತಿಯನ್ನು ತಿದ್ದಿಸಿಕೊಂಡರು. ನಮ್ಮ ಹುಡುಗನಿಗೆ ಈ ಕಥೆ ಕೇಳಿ ಸ್ವಲ್ಪ ಸಮಾಧಾನವಾಯಿತು ಅನ್ನಿ.

ಈಗ ನಮ್ಮೂರಿನ ಪೇಚು. ಹಳೆಯ ಹಾಡುಗಳಿಗೆ ಫ್ಲ್ಯಾಟ್ ಚೆಂದ. ಆದರೆ ಅತಿ ದಪ್ಪ ತಂತಿ ಖಾಲಿ ನುಡಿದರೆ ಸೆಕೆಂಡಿಗೆ 41 ಕಂಪನ. ಬಾಡಿಗೆ ಮೈಕ್‌ಸೆಟ್ಟಿನ ಸಣ್ಣ ಸ್ಪೀಕರಿಗೆ ಅದನ್ನು ಹೊರಡಿಸುವ ತಾಕತ್ತೇ ಇರುವುದಿಲ್ಲ. ಅಂಥಲ್ಲಿ ಕಿವಿಗೆ ಬೀಳುವುದು ಮೇಲಿನ ಹೊಳಪು ಮಾತ್ರ. ಫ್ಲ್ಯಾಟ್‌ನಲ್ಲಿ ಅದೇ ಕಡಿಮೆ. ಇಳಯರಾಜಾ 1981ರ ‘ಗೀತಾ’ ಚಿತ್ರದಲ್ಲಿ ಬೇಸ್‌ಗೆ ಕೊಟ್ಟಿರುವ ಕೆಲಸ ನೋಡಿ. ಅದು ಬರೀ ತಾಳ ಹಿಡಿಯುವುದಿಲ್ಲ, ತಾನೇ ಪಕ್ಕದಲ್ಲಿ ಇನ್ನೊಂದು ಹಾಡು ಹೇಳುತ್ತದೆ. ಅದು ಮೈದಾನದ ಕೊನೆಯ ಸಾಲಿಗೆ ಮುಟ್ಟದಿದ್ದರೆ ಏನು ಸುಖ?

ಅದಕ್ಕೇ ಅಣ್ಣ ಕೇಳಿದ ಮೊದಲ ಪ್ರಶ್ನೆ, “ಎಷ್ಟು ಹಳೇ ಹಾಡು, ಎಷ್ಟು ಹೊಸದು? ಸೌಂಡ್ ಯಾರದು?” ಎರಡನೆಯದು, “ಕೈ ತೋರಿಸು”. ಹುಡುಗನ ಗುಳ್ಳೆ ನೋಡಿ, ನಿಕಲ್ ರೌಂಡ್, 45-105, ಉದ್ದ 34 ಇಂಚಿನ ಗಿಟಾರಿನದು ಅಂತ ಚೀಟಿ ಬರೆದುಕೊಟ್ಟರು. ಬೆರಳು ತೀರಾ ನೋಯುವಂತಿದ್ದರೆ 40-100. ಅಲೆನ್ ಕೀ ಹಾಕಿ ಕತ್ತಿನ ಒಳಗಿನ ಕಂಬಿಯನ್ನು ಚೂರೇ ಚೂರು ತಿರುಗಿಸಿ ಬಾಗು ತೆಗೆದರು. ಪ್ರತಿ ಸಲ ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಬೆವರು ಒರೆಸಬೇಕು ಅಂತ ಕಟ್ಟಪ್ಪಣೆ. ಸತ್ತ ರೌಂಡ್ ತಂತಿಯನ್ನು ಬಿಚ್ಚಿ ನೀರಿನಲ್ಲಿ ಕುದಿಸಿ ಒಣಗಿಸಿದರೆ ಕೊಳೆ ಬಿಟ್ಟು ಕೆಲವು ದಿನ ಜೀವ ಬರುತ್ತದಂತೆ. ಹುಡುಗ ಅದನ್ನೂ ಮಾಡಿದ. ಸಾರಿನ ಪಾತ್ರೆಯಲ್ಲಿ ತಂತಿ ಕುದಿಯುವುದನ್ನು ಕಂಡ ಅವನ ತಾಯಿ ನನಗೇ ಫೋನ್ ಮಾಡಿ ಬೈದರು!

ಚೀಟಿಯಲ್ಲಿದ್ದ ಹೊಸ ಸೆಟ್ಟಿಗೆ ಹುಡುಗನ ಹತ್ತಿರ ದುಡ್ಡಿರಲಿಲ್ಲ. ಉಳಿದ ಐದು ಕಾರ್ಯಕ್ರಮವನ್ನು ಆ ಕುದಿಸಿದ ಹಳೆಯ ತಂತಿಯಲ್ಲೇ ತೂಗಿಸಿದ. ದಪ್ಪ ಸೆಟ್ಟು ಈಗಲೂ ಸುರುಳಿ ಸುತ್ತಿ ನನ್ನ ಮೇಜಿನ ಮೇಲಿದೆ. ಅದನ್ನು ನಾನೇ ಕೊಂಡುಕೊಂಡೆ. ಕೊಂಡೆ ಅಂದರೆ, ದುಡ್ಡು ಇನ್ನೂ ಕೊಟ್ಟಿಲ್ಲ. ಈ ಅಂಕಣದ ಸಂಭಾವನೆ ಬಂದ ಕೂಡಲೇ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಸಂಪಾದಕರು ದಯವಿಟ್ಟು ಗಮನಿಸಬೇಕು!

ಮುಂದಿನ ವಾರ: ತಬಲಾ ಹೊತ್ತು ರಾತ್ರಿ ಬಸ್ಸು ಹತ್ತುವವರ ಪಾಡು.