ಕಡಲಕುದುರೆಗೆ ಊಟ ಹಾಕುವವರು ಯಾರು?

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಗಪ್ಪಿಯದ್ದು ಯಾವಾಗಲೂ ಮೊದಲ ಸ್ಥಾನ, ಫೈಟರ್ ಮೀನಿನದ್ದು ಎರಡನೆಯದ್ದು. ಈಚೆಗೆ ಹೊಸದೊಂದು ಸೇರಿಕೊಂಡಿದೆ. "ಮನೆಯಲ್ಲಿ ಉಪ್ಪು ನೀರಿನ ಟ್ಯಾಂಕ್ ಇಟ್ಟು ಕಡಲಕುದುರೆ ಸಾಕಬಹುದಾ? ಅದಕ್ಕೆ ತಿನ್ನಲು ಏನು ಹಾಕಬೇಕು?"

ಕೇಳುವವರು ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಕಡೆಯ ನಮ್ಮವರೇ. ಬೆಳಿಗ್ಗೆ ಮಂಗಳೂರಿನ ಬಸ್ ಹಿಡಿದು ಕತ್ತಲಾದ ಮೇಲೆ ಮನೆ ಸೇರುವ ವಯಸ್ಸಿನವರು. ಫೋನಿನಲ್ಲಿ ವಿಡಿಯೋ ನೋಡಿ ಮನಸೋತಿದ್ದಾರೆ. ಸೋಲದೆ ಇರುವುದು ಹೇಗೆ ಹೇಳಿ? ಕುದುರೆಯ ಮುಖ, ಮಂಗನ ಬಾಲ, ಮರಿ ಹೊರುವ ಗಂಡು. ಒಂದೇ ಪ್ರಾಣಿಯಲ್ಲಿ ಇಷ್ಟೆಲ್ಲ ಉಂಟು.

ಎರಡು ಪ್ರಶ್ನೆಗಳಲ್ಲಿ ಎರಡನೆಯದಕ್ಕೇ ಮೊದಲು ಉತ್ತರಿಸುತ್ತೇನೆ. ಯಾಕೆಂದರೆ ಊಟದ ಕಥೆ ಗೊತ್ತಾದರೆ ಮೊದಲ ಪ್ರಶ್ನೆಗೆ ಅರ್ಧ ಉತ್ತರ ತಾನಾಗಿಯೇ ಸಿಗುತ್ತದೆ.

ಹೊಟ್ಟೆಯೇ ಇಲ್ಲದ ಹಸಿವು

ಕಡಲಕುದುರೆಗೆ ಹಲ್ಲಿಲ್ಲ. ಜಠರವೂ ಇಲ್ಲ. ನಾವು ಮಧ್ಯಾಹ್ನ ಉಂಡದ್ದು ರಾತ್ರಿಯವರೆಗೆ ಹೊಟ್ಟೆಯಲ್ಲಿ ನಿಧಾನಕ್ಕೆ ಅರಗುತ್ತದಲ್ಲ, ಹಾಗೆ ಊಟವನ್ನು ಕೂಡಿಟ್ಟುಕೊಳ್ಳುವ ಜಾಗವೇ ಅದರ ಮೈಯಲ್ಲಿಲ್ಲ. ತಿಂದದ್ದು ಬಾಯಿಂದ ನೇರ ಕರುಳಿಗೆ ಹೋಗಿ ಬೇಗ ಹೊರಬೀಳುತ್ತದೆ. ಹಾಗಾಗಿ ಎಚ್ಚರವಿದ್ದಷ್ಟು ಹೊತ್ತೂ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರಬೇಕು.

ತಿನ್ನುವ ಕ್ರಮವೂ ಬೇರೆ. ಬೆನ್ನಿನ ಪುಟ್ಟ ರೆಕ್ಕೆಯನ್ನು ಸೆಕೆಂಡಿಗೆ ಸುಮಾರು 35 ಸಲ ಬಡಿದರೂ ಅದು ಸಾಗುವುದು ಸ್ವಲ್ಪವೇ ದೂರ. ಮೀನುಗಳಲ್ಲಿ ಇಷ್ಟು ನಿಧಾನದವರು ಕಡಿಮೆ. ಆದ್ದರಿಂದ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಬಾಲದಿಂದ ಸಮುದ್ರದ ಹುಲ್ಲನ್ನು ಸುತ್ತಿ ಹಿಡಿದು ಸುಮ್ಮನೆ ಕಾಯುತ್ತದೆ. ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತಿರುತ್ತವೆ. ಸಣ್ಣ ಸೀಗಡಿಯೊಂದು ಹತ್ತಿರ ಬಂದರೆ ತಲೆಯನ್ನು ಮೆಲ್ಲಗೆ ಅದರ ಬಳಿಗೆ ಒಯ್ದು, ಕೊಳವೆಯಂಥ ಮೂತಿಯಿಂದ ಚಕ್ಕನೆ ಹೀರಿಬಿಡುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದೂ ಇಲ್ಲ.

ಇದರ ಅರ್ಥ ಇಷ್ಟೇ. ಕದಲುವ ವಸ್ತು ಮಾತ್ರ ಅದರ ಲೆಕ್ಕದಲ್ಲಿ ಊಟ. ಅಂಗಡಿಯ ಡಬ್ಬಿಯ ಕೆಂಪು ಹಸಿರು ಕಾಳನ್ನು ಉದುರಿಸಿದರೆ ಅದು ತಿರುಗಿಯೂ ನೋಡುವುದಿಲ್ಲ. ನಮ್ಮ ಚಟ್ನಿಯ ಒಣ ಎಟ್ಟಿಯನ್ನು ಪುಡಿ ಮಾಡಿ ಹಾಕಿದರೂ ಅಷ್ಟೆ. ಹಸಿದು ಸತ್ತರೂ ಸೈ, ಅದನ್ನು ಮುಟ್ಟದು. ಒಂದೇ ಟ್ಯಾಂಕಿನಲ್ಲಿ ಚುರುಕಿನ ಬೇರೆ ಮೀನುಗಳಿದ್ದರೆ ಇದು ನೋಡಿ ನಿರ್ಧರಿಸುವಷ್ಟರಲ್ಲಿ ತಟ್ಟೆ ಖಾಲಿ.

ಅಡುಗೆಮನೆ ಒಂದಲ್ಲ, ಎರಡು

ಹೊರದೇಶಗಳಲ್ಲಿ ಕಡಲಕುದುರೆಯನ್ನು ತೊಟ್ಟಿಯಲ್ಲೇ ಹುಟ್ಟಿಸಿ ಬೆಳೆಸುವ ಫಾರ್ಮ್‌ಗಳಿವೆ. ಅಲ್ಲಿನ ಮರಿಗಳಿಗೆ ಎಳವೆಯಿಂದಲೇ ಮೈಸಿಸ್ ಎಂಬ ಸಣ್ಣ ಸೀಗಡಿಯನ್ನು ಫ್ರೀಜ್ ಮಾಡಿಟ್ಟು ತಿನ್ನಿಸಿ ಅಭ್ಯಾಸ ಮಾಡಿಸುತ್ತಾರೆ. ಅದನ್ನು ಕರಗಿಸಿ, ತೊಳೆದು, ದಿನಕ್ಕೆ ಎರಡು ಮೂರು ಸಲ ಹಾಕಬೇಕು. ಎರಡೇ ಸಲ ಅಂದುಕೊಂಡರೂ ವರ್ಷಕ್ಕೆ 730 ಊಟ. ಉಳಿದದ್ದನ್ನು ಹಾಕಿದಷ್ಟೇ ಶ್ರದ್ಧೆಯಿಂದ ಹೀರಿ ತೆಗೆಯಬೇಕು. ಬಿಟ್ಟರೆ ಕೊಳೆತು ನೀರು ವಿಷವಾಗುತ್ತದೆ.

ಸಮುದ್ರದಿಂದ ಹಿಡಿದು ತಂದದ್ದಕ್ಕೆ ಈ ಅಭ್ಯಾಸವಿಲ್ಲ. ಅದಕ್ಕೆ ಜೀವಂತ ಸೀಗಡಿಯೇ ಬೇಕು. ಆಗ ಆರ್ಟೀಮಿಯದ ಮೊರೆ ಹೋಗಬೇಕಾಗುತ್ತದೆ. ಇದು ಉಪ್ಪಿನ ಸರೋವರಗಳ ಸಣ್ಣ ಜೀವಿ. ಇದರ ಒಣ ಮೊಟ್ಟೆ ಡಬ್ಬಿಯಲ್ಲಿ ಸಿಗುತ್ತದೆ. ಉಪ್ಪು ನೀರಿಗೆ ಹಾಕಿ, ಕೆಳಗಿನಿಂದ ಜೋರಾಗಿ ಗಾಳಿ ಬಿಟ್ಟು, ಬೆಳಕು ಕೊಟ್ಟು, 28 ಡಿಗ್ರಿ ಆಸುಪಾಸಿನ ಬಿಸಿ ಇಟ್ಟರೆ ಒಂದು ದಿನದಲ್ಲಿ ಮರಿಯಾಗುತ್ತದೆ. ಆ ಮರಿ ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಹುಟ್ಟಿದಾಗ ಮೈಯಲ್ಲಿ ಹಳದಿಯ ಬುತ್ತಿ ಇರುತ್ತದೆ. ಕೆಲವೇ ಗಂಟೆಯಲ್ಲಿ ಆ ಬುತ್ತಿ ಮುಗಿದರೆ ಸತ್ವವೂ ಮುಗಿಯಿತು. ಆಮೇಲೆ ಅದಕ್ಕೆ ಪಾಚಿ, ಕೊಬ್ಬಿನ ಎಣ್ಣೆಯಂಥದ್ದನ್ನು ಉಣ್ಣಿಸಿ, ಅದು ಹೊಟ್ಟೆ ತುಂಬಿಸಿಕೊಂಡ ಮೇಲೆ ಕಡಲಕುದುರೆಗೆ ಹಾಕಬೇಕು. ಊಟಕ್ಕೇ ಮೊದಲು ಊಟ ಹಾಕಬೇಕು ಎಂದ ಹಾಗಾಯಿತು. ಬರೀ ಆರ್ಟೀಮಿಯ ತಿಂದುಕೊಂಡಿದ್ದ ಕಡಲಕುದುರೆ ದಿನಾ ತಿನ್ನುತ್ತಲೇ ಸೊರಗುವುದೂ ಉಂಟು.

ಇನ್ನು ಗಂಡು ಕಡಲಕುದುರೆ ಚೀಲದಿಂದ ಮರಿ ಹಾಕಿತು ಅನ್ನಿ. ಒಂದೇ ಸಲಕ್ಕೆ ನೂರಾರು! ಅವಕ್ಕೆ ದೊಡ್ಡವಕ್ಕಿಂತಲೂ ಹೆಚ್ಚು ಸಲ ಊಟ ಬೇಕು, ಅದೂ ಜೀವಂತವಾಗಿ. ಸಮುದ್ರದಲ್ಲೇ ಸಾವಿರ ಮರಿಗಳಲ್ಲಿ ನಾಲ್ಕೈದು ಉಳಿದರೆ ಹೆಚ್ಚು ಎನ್ನುತ್ತಾರೆ.

ಈಗ ನಿಮ್ಮ ದಿನಚರಿ ನೆನಪು ಮಾಡಿಕೊಳ್ಳಿ. ಏಳೂವರೆಯ ಬಸ್ಸಿಗೆ ಹೊರಟರೆ ಮಧ್ಯಾಹ್ನದ ಊಟ ಹಾಕುವವರು ಯಾರು? ಅಮ್ಮ ತಾನೆ? ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗಿ ಗಾಳಿಯ ಪಂಪ್ ನಿಂತರೆ? ಉಪ್ಪಿನ ಲೆಕ್ಕವೂ ಇದೆ: ಲೀಟರಿಗೆ ಸುಮಾರು 35 ಗ್ರಾಂ. 100 ಲೀಟರಿನ ಟ್ಯಾಂಕಿಗೆ ಮೂರೂವರೆ ಕಿಲೋ, ಅದೂ ಅಡುಗೆ ಉಪ್ಪಲ್ಲ, ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪು. ಬಾವಿ ನೀರು ಸಿಹಿಯಾಗಿರುವ ನಮ್ಮೂರಿನಲ್ಲಿ ಕಡಲನ್ನು ಕೈಯಾರೆ ತಯಾರಿಸಬೇಕು.

"ಅಷ್ಟೂ ಮಾಡ್ತೇನೆ, ಎಲ್ಲ ಕಲಿತೇನೆ" ಅನ್ನುವವರೂ ಇದ್ದಾರೆ. ಅವರ ಉತ್ಸಾಹ ನಿಜವೇ. ಆದರೆ ಅವರ ದಾರಿಗೆ ಅಡ್ಡವಾಗಿ ಇನ್ನೊಂದು ಬಾಗಿಲಿದೆ.

2001ರಿಂದ ಮುಚ್ಚಿದ ಬಾಗಿಲು

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಕಡಲಕುದುರೆಯನ್ನು 2001ರಲ್ಲಿ ಸೇರಿಸಲಾಯಿತು. ಹುಲಿ, ಆನೆ ಇರುವ ಪಟ್ಟಿ ಅದು. ಅದರ ಬಂಧು ಪೈಪ್‌ಫಿಶ್‌ಗೂ ಅದೇ ರಕ್ಷಣೆ. ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅದಕ್ಕೆ ಜೈಲು ಶಿಕ್ಷೆಯೂ ಉಂಟು. ಒಣಗಿಸಿದ್ದನ್ನು ಶೋಕೇಸಿನಲ್ಲಿ ಇಟ್ಟುಕೊಂಡರೂ ಸುಮ್ಮನೆ ಬಿಡುವುದಿಲ್ಲ.

ಅಂಗಡಿಯವರು "ಇದು ಫಾರಿನ್ನಿಂದ ಬಂದದ್ದು ಸರ್, ತೊಂದರೆ ಇಲ್ಲ" ಅಂದರೆ ಕಾಗದ ಕೇಳಿ. ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಎಲ್ಲ ಜಾತಿಯ ಕಡಲಕುದುರೆಗಳೂ ಇವೆ. 2004ರ ಮೇ ತಿಂಗಳಿಂದ ಅದು ಜಾರಿಯಲ್ಲಿದೆ. ಪರವಾನಗಿ ಇಲ್ಲದೆ ಅವು ಗಡಿ ದಾಟುವ ಹಾಗಿಲ್ಲ. ಬಾಯಿಮಾತು ಪರವಾನಗಿ ಅಲ್ಲ.

ಇಷ್ಟು ಬಿಗಿ ಯಾಕೆ? ಚೀನಾದ ಸಾಂಪ್ರದಾಯಿಕ ಔಷಧಕ್ಕೆ ಒಣ ಕಡಲಕುದುರೆಗೆ ದೊಡ್ಡ ಬೇಡಿಕೆ. ಸೀಗಡಿಗೆಂದು ಎಳೆದ ಟ್ರಾಲ್ ಬಲೆಯಲ್ಲಿ ಬೇಡವೆಂದರೂ ಅವು ಸಿಕ್ಕಿಬೀಳುತ್ತವೆ. ಓಡಿ ತಪ್ಪಿಸಿಕೊಳ್ಳುವ ಶಕ್ತಿ ಇಲ್ಲ. ಅವು ಬದುಕುವ ಸಮುದ್ರದ ಹುಲ್ಲು, ಅಳಿವೆಯ ಕಾಂಡ್ಲಾ ಕಾಡು ಕೂಡ ಕಡಿಮೆಯಾಗುತ್ತಿವೆ. ಇದರ ಮೇಲೆ ನಮ್ಮ ಗಾಜಿನ ಪೆಟ್ಟಿಗೆಯ ಬೇಡಿಕೆಯೂ ಸೇರಿದರೆ? "ಹೇಗೂ ಅಂಗಡಿಯಲ್ಲಿ ಸಾಯುತ್ತದೆ, ನಾನು ತಂದು ಉಳಿಸುತ್ತೇನೆ" ಅನ್ನುವುದು ಒಳ್ಳೆ ಮನಸ್ಸಿನ ಮಾತೇ. ಆದರೆ ಖಾಲಿಯಾದ ಆ ಜಾಗಕ್ಕೆ ನಾಳೆ ಇನ್ನೊಂದು ಬಂದು ಕೂರುತ್ತದೆ.

ಯಾರ ಮನೆಯಲ್ಲಾದರೂ ಈಗಾಗಲೇ ಇದ್ದರೆ ದಯವಿಟ್ಟು ಹೆದರಿ ನೇತ್ರಾವತಿಗೆ ಬಿಡಬೇಡಿ. ಬಂಟ್ವಾಳದಲ್ಲಿ ಹರಿಯುವುದು ಸಿಹಿನೀರು, ಅದು ಉಳಿಯದು. ಅರಣ್ಯ ಇಲಾಖೆಯ ಹತ್ತಿರದ ಕಚೇರಿಗೆ ತಿಳಿಸಿ.

ಹಾಗಾದರೆ ಉಣಿಸುವ ಆಸೆಗೆ ಏನು ದಾರಿ?

ನನಗೆ ಅನಿಸುವುದು ಇದು. ಮೀನು ಸಾಕುವವರಿಗೆ ಬೇಕಿರುವುದು ನಿಜಕ್ಕೂ ಅಪರೂಪದ ಪ್ರಾಣಿಯಲ್ಲ. ದಿನದ ಕೊನೆಗೆ ಗಾಜಿನ ಮುಂದೆ ಕೂತು, ಕೈಯಾರೆ ಏನೋ ಹಾಕಿ, ಅದು ಬಂದು ತಿನ್ನುವುದನ್ನು ನೋಡುವ ಹತ್ತು ನಿಮಿಷ. ಆ ಖುಷಿಗೆ ಕಡಲಕುದುರೆಯೇ ಆಗಬೇಕಿಲ್ಲ.

ಮೇಲೆ ಹೇಳಿದ ಆರ್ಟೀಮಿಯವನ್ನೇ ಭಾನುವಾರ ಒಂದು ಬಾಟಲಿಯಲ್ಲಿ ಮರಿ ಮಾಡಿಸಿ. ಬಲೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು, ನಿಮ್ಮ ಗಪ್ಪಿ ಮರಿಗಳಿಗೆ ಸ್ವಲ್ಪವೇ ಹಾಕಿ ನೋಡಿ. ಕಿತ್ತಳೆ ಬಣ್ಣದ ಚುಕ್ಕಿಗಳ ಹಿಂದೆ ಅವು ಓಡುವುದನ್ನು, ಪಾರದರ್ಶಕ ಹೊಟ್ಟೆ ಕೆಂಪಗಾಗುವುದನ್ನು ನೋಡಲು ಮನೆಮಂದಿಯೆಲ್ಲ ಸೇರುತ್ತಾರೆ. ಫೈಟರ್ ಮೀನಂತೂ ಕಡಲಕುದುರೆಯ ಹಾಗೆಯೇ ಗುರಿಯಿಟ್ಟು ಬೇಟೆಯಾಡುತ್ತದೆ. ನೀವು ಒಂದು ದಿನ ಊರಲ್ಲಿಲ್ಲದಿದ್ದರೂ ಇವು ಬದುಕಿರುತ್ತವೆ.

ಟ್ಯಾಂಕೇ ಬೇಡ ಅನ್ನುವವರಿಗೆ ಬೆಳ್ತಂಗಡಿ ತಾಲೂಕಿನ ಶಿಶಿಲ ಇದೆ. ಶಿಶಿಲೇಶ್ವರ ದೇವಸ್ಥಾನದ ಬದಿಯಲ್ಲಿ ಹರಿಯುವ ಕಪಿಲಾ ನದಿಯಲ್ಲಿ ಮಹಶೀರ್ ಮೀನುಗಳು ಯಾವ ಗಾಜೂ ಇಲ್ಲದೆ ಓಡಾಡಿಕೊಂಡಿವೆ. ಊರವರಿಗೆ ಅವು ದೇವರ ಮೀನು. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. 1996ರಲ್ಲಿ ಕಿಡಿಗೇಡಿಗಳು ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರೇ ಅತ್ತಿತು, ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿತು. ಯಾರೊಬ್ಬರ ಸ್ವತ್ತೂ ಅಲ್ಲದ ಮೀನಿಗೆ ಸ್ಮಾರಕ! ಸಾಕುವುದು ಅಂದರೆ ಕೊಂಡು ತರುವುದು ಮಾತ್ರ ಅಲ್ಲ, ಇದ್ದಲ್ಲೇ ಇರಲು ಬಿಟ್ಟು ಕಾಯುವುದೂ ಹೌದು ಅಂತ ಅವರು ಆ ಕಲ್ಲಿನಲ್ಲೇ ಹೇಳಿದ್ದಾರೆ.

ಕಡಲಕುದುರೆಗೆ ಊಟ ಹಾಕುವವರು ಯಾರು ಅಂದರೆ ಕಡಲೇ. ದಿನವಿಡೀ, ರಜೆ ಇಲ್ಲದೆ. ನಮ್ಮ ಪಾಲಿಗೆ ಉಳಿದಿರುವ ಕೆಲಸ ಆ ಅಡುಗೆಮನೆಯನ್ನು ಕೆಡಿಸದೆ ಇರುವುದು.

ಮುಂದಿನ ವಾರ: ಮಳೆಗಾಲದಲ್ಲಿ ಕರೆಂಟ್ ಹೋದಾಗ ಟ್ಯಾಂಕಿನ ಮೀನು ಉಳಿಸಿಕೊಳ್ಳುವುದು ಹೇಗೆ? ನಿಮ್ಮ ಉಪಾಯಗಳಿದ್ದರೆ ಬರೆದು ಕಳಿಸಿ.